ಎರಡು ದಿಬ್ಬದ ಹಲ್ಲು

ಬಾದಾಮಿಯ ಸ್ಟೇಷನ್ ರೋಡಿನಲ್ಲಿ, ಸೈಕಲ್ ಅಂಗಡಿಯ ಮಾಳಿಗೆ ಮೇಲೆ
ನಾನು ಹಲ್ಲಿನ ಸೆಟ್ ಕಟ್ಟುತ್ತೇನೆ.
ಮೇಣ, ಪ್ಲಾಸ್ಟರು, ಒಸಡಿನ ಬಣ್ಣದ ಪುಡಿ.
ಮುಖ ನೋಡುವುದಿಲ್ಲ. ಡಾಕ್ಟರು ಅಚ್ಚು ಕಳಿಸುತ್ತಾರೆ,
ಅಚ್ಚಿನಿಂದಲೇ ಹೇಳಬಲ್ಲೆ:
ಇವಳು ಎಡಗಡೆ ಎಲೆ-ಅಡಿಕೆ ಜಗಿದವಳು,
ಇವನು ನಿದ್ದೆಯಲ್ಲಿ ಹಲ್ಲು ಕಡಿಯುವವನು,
ಇವರು ಬಹಳ ವರ್ಷ ಏನನ್ನೋ ನುಂಗಿಕೊಂಡವರು.

ದಸ್ತಗೀರಸಾಬ ಟಿಪ್ಪರ್ ಓಡಿಸುವವ.
ಮಲಪ್ರಭೆಯ ಗರಸಿನಲ್ಲಿ ಸಿಕ್ಕಿತೆಂದು
ಗುಟ್ಕಾ ಚೀಟಿಯಲ್ಲಿ ಸುತ್ತಿ ತಂದ ಒಂದು ಹಲ್ಲು.
ಕರ್ರಗೆ, ಕಲ್ಲಿನ ತೂಕ.
'ನೋಡ್ರಿ, ಇದು ಯಾರ ಹಲ್ಲು?' ಅಂದ,
ಯಾರೋ ಮರೆತುಹೋದ ಸೆಟ್ ಮರಳಿಸುವವನ ಹಾಗೆ.

ಮನುಷ್ಯರದಲ್ಲ. ಅಷ್ಟು ತಿಳಿಯಿತು.
ನಮ್ಮ ಕೆಳದವಡೆಯ ಹಲ್ಲಿಗೆ ಐದು ಉಬ್ಬು,
ನಡುವೆ ಮೂರು ದಾರಿ ಕೂಡುವ ಸಂದು.
ಇದಕ್ಕೆ ನಾಲ್ಕೇ. ಎರಡೆರಡರ ಜೋಡಿ,
ಜೋಡಿಗೊಂದು ಅಡ್ಡ ದಿಬ್ಬ, ನಡುವೆ ಕಣಿವೆ,
ಅಗಸ್ತ್ಯತೀರ್ಥದ ಎರಡು ಕಡೆಯ ಗುಡ್ಡಗಳ ಹಾಗೆ.

ಧಾರವಾಡದಿಂದ ಬಂದ ನಾಯ್ಕೋಡಿ ಮೇಡಂ
ಭೂತಗನ್ನಡಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು.
'ಮಂಗನ ಕುಲದ್ದು. ಯಾವ ಮಂಗ, ಎಷ್ಟು ಹಿಂದಿನದು, ಹೇಳಲಾರೆ.
ಹೊಳೆ ಎಲ್ಲಿಂದಲೋ ತಂದು ಎಲ್ಲೋ ಒಗೆಯುತ್ತದೆ.
ಹಾಸಿಗೆ ಬಿಟ್ಟೆದ್ದ ಮೂಳೆ ಸಾಕ್ಷಿ ಹೇಳುವುದಿಲ್ಲ.'
'ಈ ಗುಡ್ಡದೊಳಗಿನದೇ?' ಅಂದೆ. ನಕ್ಕರು.
ಈ ಕೆಂಪು ಕಲ್ಲು ಮೂಳೆಗಿಂತ ಹಳೆಯದಂತೆ;
ಇದು ಮರಳಾಗಿದ್ದಾಗ ಕಚ್ಚುವವರೂ ಇರಲಿಲ್ಲ,
ಕಚ್ಚಿಸಿಕೊಳ್ಳುವವರೂ.
ಮೆಟ್ಟಿಲ ಬಳಿ ಕಲ್ಲಲ್ಲಿ ಅಲೆಯ ಗೀರು ಉಳಿದಿದೆ,
ಅದರ ಮೇಲೆ ಈಗ ಮಂಗ್ಯಾ ಕೂತು ಹೇನು ಹೆಕ್ಕುತ್ತದೆ.

ಚಾ ತಣ್ಣಗಾಗುವವರೆಗೆ ಹೇಳುತ್ತ ಹೋದರು.
ಪೆರು ದೇಶದ ಹೊಳೆದಂಡೆಯಲ್ಲಿ ನಾಲ್ಕೇ ಹಲ್ಲು ಸಿಕ್ಕು
ಒಂದು ಕುಲಕ್ಕೆ ಹೆಸರಾಯಿತಂತೆ;
ಅವುಗಳ ಹಿರಿಯರು ಕಿತ್ತುಬಂದ ಮರಗಳ ತೆಪ್ಪವೇರಿ
ಸಮುದ್ರ ದಾಟಿರಬೇಕಂತೆ.
ಶಿವಾಲಿಕದ ತಪ್ಪಲಲ್ಲಿ ದನದ ಹಾಗೆ ಹುಲ್ಲು ಮೇದವು ಇದ್ದವಂತೆ.
ಬಾಲ ಎಷ್ಟುದ್ದ, ಮರಿ ಹೊಟ್ಟೆಗೋ ಬೆನ್ನಿಗೋ,
ಬೆದರಿದಾಗ ಹೇಗೆ ಕೂಗುತ್ತಿದ್ದವು,
ಹಲ್ಲು ಹೇಳುವುದಿಲ್ಲ.
ಹಲ್ಲಿಗೆ ಗೊತ್ತಿರುವುದು ಊಟ ಮಾತ್ರ.

ನನ್ನ ಕಿಟಕಿಯ ಮಂಗಗಳಿಗೆ ಇದೆಲ್ಲ ಬೇಡ.
ನಡುಬೈತಲೆಯ ಟೋಪಿಗೂದಲು,
ಗಲ್ಲದ ಚೀಲದಲ್ಲಿ ಪ್ರವಾಸಿಗರ ಶೇಂಗಾ.
ಮುಸ್ಯಾ ಬೇರೆ: ಕರಿಮೋತಿ, ಗಲ್ಲಕ್ಕೆ ಚೀಲವಿಲ್ಲ,
ಹೊಟ್ಟೆಯೊಳಗೇ ಕೋಣೆಗಳು,
ಎಲೆ ತಿಂದು ಪಂಚರ ಹಾಗೆ ಕೂಡುತ್ತದೆ.
ಇಬ್ಬರ ಬಾಯೊಳಗೂ ಅದೇ ಎರಡು ದಿಬ್ಬ.
ಬೇರೆಯಾದ ಅಣ್ಣತಮ್ಮಂದಿರು:
ಒಲೆ ಎರಡು, ಬೀಸುಕಲ್ಲು ಒಂದೇ.

ಮೊನ್ನೆ ಕೆರೂರಿನ ತಂಗೆವ್ವನ ಮೇಲಿನ ಸೆಟ್
ತೊಳೆದು ಕಿಟಕಿಗಿಟ್ಟಿದ್ದೆ.
ಒಂದು ಗಡವ ಎತ್ತಿಕೊಂಡು ತಗಡಿನ ಮೇಲೆ ಕೂತಿತು.
ಮೂಸಿತು. ತಿರುವಿತು. ಒಸಡಿನ ಕಡೆಯಿಂದ ಕಚ್ಚಿತು.
ಆಮೇಲೆ, ಇದನ್ನು ಯಾರಿಗೂ ಹೇಳಿಲ್ಲ,
ತನ್ನ ಬಾಯೊಳಗೆ ಬೆರಳು ಹಾಕಿ
ತನ್ನ ಹಲ್ಲು ಮುಟ್ಟಿ ನೋಡಿಕೊಂಡಿತು.

ಬಾಳೆಹಣ್ಣು ತೋರಿಸಿದೆ. ಸೆಟ್ ಬಿಡಲಿಲ್ಲ,
ಗುಡ್ಡ ಹತ್ತಿ ಒಂದು ಸಂದಿಯಲ್ಲಿ ಕಾಣೆಯಾಯಿತು.
ತಂಗೆವ್ವನಿಗೆ ಪುಕ್ಕಟೆ ಇನ್ನೊಂದು ಮಾಡಿಕೊಟ್ಟೆ;
ಮೂರು ದಿನ ಅಂಬಲಿ ಕುಡಿದ ಮುದುಕಿ
ಮಂಗನನ್ನು ಬಿಟ್ಟು ನನ್ನನ್ನೇ ಬೈದಳು.

ಕಪ್ಪು ಹಲ್ಲು ಈಗ ಧಾರವಾಡದ ಡಬ್ಬಿಯಲ್ಲಿದೆ,
ಚೀಟಿಯ ಮೇಲೆ ಒಂದು ಪ್ರಶ್ನಾರ್ಥಕ.
ಗುಡ್ಡದ ಸಂದಿಯಲ್ಲಿ ತಂಗೆವ್ವನ ಹದಿನಾಲ್ಕು ಹಲ್ಲು,
ಪಕ್ಕದಲ್ಲಿ, ಎಂದೋ ಒಂದು ದಿನ, ಆ ಗಡವನ ಮೂಳೆ.
ಅಗೆಯುವ ಕೈ ಯಾರದಿರುತ್ತದೋ,
ಅದಕ್ಕೆ ಎಷ್ಟು ಬೆರಳೋ,
ಎರಡನ್ನೂ ಒಂದೇ ತಲೆಗೆ ಜೋಡಿಸಿ
ಗುಲಾಬಿ ಒಸಡಿನ ಜೀವಿಯೊಂದಕ್ಕೆ ಹೆಸರಿಡುತ್ತಾರೆ.
ಕೆಳಗಿನದು, ಮೇಲಿನದು ಕೂಡಲಿಕ್ಕಿಲ್ಲ.
ತಲೆ ಕೆರೆದುಕೊಳ್ಳಲಿ.
ಮೇಲಿನದು ನನ್ನ ಕೈಯದು.